ಡಬ್ಬಿ ಸೂರ್ಯ

ಸೂರ್ಯ ಮುಳುಗುವುದನ್ನು ಕಂಡರೆ ಅವನಿಗೆ ವಾಕರಿಕೆ ಬರುತ್ತಿತ್ತು. ಮಾತಿಗೆ ಹೇಳುವ ವಾಕರಿಕೆಯಲ್ಲ. ಹೊಟ್ಟೆಯ ಬುಡದಿಂದ ಎದ್ದು ನಾಲಗೆಯ ಹಿಂದೆ ಹುಳಿಯಾಗಿ ನಿಲ್ಲುವ ನಿಜವಾದ ವಾಕರಿಕೆ. ಆ ಕೆಂಪು ಉಂಡೆ ನೀರಿನ ಗೆರೆಯಿಂದ ಒಂದು ಗೇಣು ಮೇಲಿರುವಾಗ ಹಣ್ಣಾದ ಕುರುವಿನ ಹಾಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಕುರು ಒಡೆಯುತ್ತಿತ್ತು, ಕೀವು ಸಮುದ್ರದ ತುಂಬ ಹರಡುತ್ತಿತ್ತು, ದಂಡೆಯ ಮೇಲಿದ್ದ ಜನ ಚಪ್ಪಾಳೆ ತಟ್ಟುತ್ತಿದ್ದರು.

ಚಪ್ಪಾಳೆ ಯಾರಿಗೆ ಎಂದು ಅವನಿಗೆ ಇವತ್ತಿನವರೆಗೂ ತಿಳಿದಿರಲಿಲ್ಲ.

ಅವನ ಹೊಟ್ಟೆಪಾಡು ಮಾತ್ರ ಅದರಿಂದಲೇ. ಕತ್ತಿನಲ್ಲಿ ಕ್ಯಾಮೆರಾ, ಎದೆಯ ಮೇಲೆ ಅಂಗಡಿಯ ಬಿಲ್ಲೆ. ಬಿಸಿಲು ಇಳಿಯುವ ಹೊತ್ತಿಗೆ ದಂಡೆಗೆ ಬಂದು ಸೂರ್ಯನ ಜೊತೆ ನಿಲ್ಲಲು ಬಂದವರನ್ನು ನಿಲ್ಲಿಸುವುದು. ನಿಲ್ಲಿಸುವುದರಲ್ಲಿ ಬಗೆಗಳಿದ್ದವು. ಅಂಗೈಯ ಮೇಲೆ ಸೂರ್ಯ ಕೂತ ಹಾಗೆ ಕಾಣಿಸಿದರೆ ‘ಉಂಡೆ’. ಎರಡು ಬೆರಳ ನಡುವೆ ಹಿಡಿದ ಹಾಗೆ ಕಾಣಿಸಿದರೆ ‘ಚಿಟಿಕೆ’. ಬಾಯಿ ತೆರೆದು ತಿನ್ನುವ ಹಾಗೆ ಕಾಣಿಸಿದರೆ ‘ನುಂಗು’. ಯಾವುದಕ್ಕೇ ಆಗಲಿ ಅವನು ಹೇಳಬೇಕಾದ ಮಾತು ಒಂದೇ: ಸ್ವಲ್ಪ ಎಡಕ್ಕೆ. ಅಷ್ಟಲ್ಲ, ಸ್ವಲ್ಪ ಎಡಕ್ಕೆ. ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದನೋ, ದಂಡೆಯ ವ್ಯಾಪಾರಿಗಳೆಲ್ಲ ಅವನನ್ನೇ ‘ಸ್ವಲ್ಪ ಎಡಕ್ಕೆ’ ಎಂದು ಕರೆಯಲು ಶುರುಮಾಡಿ, ಕರೆದೂ ಕರೆದೂ ‘ಎಡಕ್ಕೆ’ ಮಾತ್ರ ಉಳಿದಿತ್ತು. “ಎಡಕ್ಕೇ, ಟೀ ಕುಡಿತೀಯಾ?” “ಎಡಕ್ಕೆ ಬಂದ, ಬಲಕ್ಕೆ ಸರೀರಿ.” ಅವನಿಗೆ ಅದೂ ರೂಢಿಯಾಗಿತ್ತು.

ಅವತ್ತು ಸಂಜೆ ಒಂದು ಹೊಸ ಜೋಡಿ ನುಂಗು ಬೇಕೆಂದು ಹಟ ಹಿಡಿಯಿತು. ಎಡಕ್ಕೆ ಮೊದಲು ಜಾಗ ಸ್ವಚ್ಛ ಮಾಡಿದ. ಎಂದರೆ, ಕ್ಯಾಮೆರಾದ ಕಣ್ಣಿಗೆ ಎಷ್ಟು ಅಗಲ ಕಾಣುತ್ತದೋ ಅಷ್ಟನ್ನೇ: ಒಂದು ಒಡೆದ ಬಾಟಲಿ, ಯಾವುದೋ ಮಗುವಿನ ತುಂಬಿದ ಡೈಪರು, ಕಣ್ಣು ಕಿತ್ತುಹೋದ ಒಂದು ಮೀನು, ಎಲ್ಲವನ್ನೂ ಬೂಟಿನ ತುದಿಯಿಂದ ಚೌಕಟ್ಟಿನ ಆಚೆಗೆ ತಳ್ಳಿದ. ವರ್ಷಗಟ್ಟಲೆ ಹೀಗೆ ತಳ್ಳಿ ತಳ್ಳಿ ಅವನ ಜಾಗದ ಎರಡೂ ಪಕ್ಕ ಕಸದ ಎರಡು ದಿಬ್ಬ ಎದ್ದಿದ್ದವು. ನಡುವಿನ ಮರಳು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

“ಬಾಯಿ ಇನ್ನೂ ದೊಡ್ಡದು ತೆಗೀರಿ,” ಹೆಂಡತಿ ಪಕ್ಕದಿಂದ ಕೂಗಿದಳು. “ಮನೇಲಿ ನನ್ನ ಮೇಲೆ ತೆಗೀತೀರಲ್ಲ, ಅಷ್ಟು.”

“ತೆಗೆದೇ ಇದೀನಲ್ಲೇ!”

“ಮಾತಾಡಬೇಡಿ ಸಾರ್, ಸೂರ್ಯ ಆಚೆ ಬೀಳ್ತಾನೆ. ಸ್ವಲ್ಪ ಎಡಕ್ಕೆ. ಹಾಂ. ಹಾಗೇ.”

ಕ್ಯಾಮೆರಾದೊಳಗೆ ಗಂಡನ ಬಾಯಿ ಗುಹೆಯಷ್ಟು ದೊಡ್ಡದಾಗಿ ಬಂತು. ನಾಲಗೆಯ ಮೇಲೆ ಬಿಳಿಯ ಪದರ. ಹಿಂದಿನ ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಊಟದ ಏನೋ ಒಂದು ಎಳೆ. ಅದರಾಚೆ, ಕಿರುನಾಲಗೆಯ ಪಕ್ಕದಲ್ಲೇ ನೇತುಬಿದ್ದ ಹಾಗೆ, ಸೂರ್ಯ. ಎಡಕ್ಕೆ ಉಸಿರು ಬಿಗಿಹಿಡಿದು ಬೆರಳು ಒತ್ತುವಷ್ಟರಲ್ಲಿ ಮೋಡವೊಂದು ಬಂದು ಅದನ್ನು ಮುಚ್ಚಿತು. ಅವನಿಗೆ ಮೋಡವನ್ನು ತಬ್ಬಿಕೊಳ್ಳಬೇಕು ಎನ್ನಿಸಿತು.

“ಅಯ್ಯೋ, ಮುಗೀತಾ? ಇಷ್ಟು ದೂರ ಬಂದು?” ಹೆಂಡತಿಯ ಮುಖ ಬಾಡಿತು.

“ಚಿಂತೆ ಮಾಡಬೇಡಿ ಮೇಡಂ. ಅಂಗಡೀಲಿ ಇದ್ದಾನೆ.”

“ಯಾರು?”

“ಸೂರ್ಯ. ನಾಳೆ ಬೆಳಿಗ್ಗೆ ಬನ್ನಿ, ಹಾಕಿ ಕೊಡ್ತೀವಿ.”

ಅಂಗಡಿ ಭಾವನದ್ದು. ಪೇಟೆಯ ಮೂಲೆಯಲ್ಲಿ ಕೆಳಗೆ ಫೋಟೋ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಅಕ್ಕ, ಭಾವ, ಮತ್ತು ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಎಡಕ್ಕೆ. ಭಾವ ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಹೊರಡಬಹುದಿತ್ತು. ದಪ್ಪ ಹೊಟ್ಟೆ, ದೊಡ್ಡ ನಗು, ಸದಾ ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಕಂಪ್ಯೂಟರಿನ ಕೀಲಿಗಳ ಸಂದಿಯಲ್ಲೆಲ್ಲ ಕಡಲೆಸಿಪ್ಪೆ. ಗಿರಾಕಿ ಸುಮ್ಮನೆ ಹಿಂದಿರುಗಬಾರದು, ಗಿರಾಕಿಯ ಫೋಟೋ ಸೂರ್ಯನಿಲ್ಲದೆ ಹೋಗಬಾರದು, ಇಷ್ಟೇ ಅವನ ಧರ್ಮ. ಮೋಡದ ದಿನಗಳಿಗೆಂದು ಅವನು ಕಂಪ್ಯೂಟರಿನಲ್ಲಿ ಒಳ್ಳೊಳ್ಳೆಯ ಸೂರ್ಯರನ್ನು ಕೂಡಿಟ್ಟಿದ್ದ. ಆ ಜಾಗಕ್ಕೆ ಅವನಿಟ್ಟ ಹೆಸರು ‘ಡಬ್ಬಿ’. ಡಬ್ಬಿಯಲ್ಲಿದ್ದ ಸೂರ್ಯರಿಗೂ ಹೆಸರುಗಳಿದ್ದವು: ಅರ್ಧ ಮುಳುಗಿದ್ದು ‘ಸೋಮಾರಿ’, ಮೋಡದ ಮರೆಯಿಂದ ಇಣುಕುವುದು ‘ಕಳ್ಳ’, ಎಲ್ಲಕ್ಕಿಂತ ದೊಡ್ಡದು, ಕುಂಕುಮಗೆಂಪಿನದು, ‘ದೊಡ್ಡಪ್ಪ’.

“ಇವರಿಗೆ ಯಾವುದು ಹಾಕಲಿ ಭಾಮೈದ?” ಎಂದು ಪ್ರತಿ ಮೋಡದ ದಿನವೂ ಭಾವ ಕೇಳುತ್ತಿದ್ದ.

“ಯಾವುದಾದ್ರೂ ಹಾಕಿ ಭಾವ.”

“ಯಾವುದಾದ್ರೂ ಅಂದ್ರೆ? ಹೊಸದಾಗಿ ಮದುವೆಯಾದವರು. ದೊಡ್ಡಪ್ಪನ ಆಶೀರ್ವಾದ ಬೇಡವಾ?”

ಊರಿನ ಅರ್ಧ ಮನೆಗಳ ನಡುಕೋಣೆಯಲ್ಲಿ ದೊಡ್ಡಪ್ಪ ನೇತಾಡುತ್ತಿದ್ದ. ದಂತವೈದ್ಯನ ಕುರ್ಚಿಯ ಎದುರಿಗೆ, ಕ್ಷೌರದಂಗಡಿಯ ಕನ್ನಡಿಯ ಮೇಲೆ, ಪೊಲೀಸ್ ಠಾಣೆಯಲ್ಲಿ ಕೂಡ. ಅದೇ ಅಂಚು, ಅದೇ ಬಲಗಡೆಯ ನಾಯಿಬಾಲದಂಥ ಮೋಡ. ಬೇರೆ ಬೇರೆ ಜನ, ಬೇರೆ ಬೇರೆ ವರ್ಷ. ಹಿಂದೆ ಮಾತ್ರ ಅದೇ ಕುರು. ಯಾರೂ ಗಮನಿಸಿರಲಿಲ್ಲ. ಜನ ಫೋಟೋದಲ್ಲಿ ತಮ್ಮನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂಬುದು ಎಡಕ್ಕೆ ಕಲಿತ ಮೊದಲ ಪಾಠ.

ಇಷ್ಟೆಲ್ಲ ಹೇಸಿಗೆಯ ನಡುವೆ ಅವನ ಪಾಲಿಗೆ ಒಂದೇ ಒಂದು ಶುದ್ಧ ಫೋಟೋ ಇತ್ತು. ಅಮ್ಮನದ್ದು.

ಅಮ್ಮ ದಂಡೆಯ ಹಿಂದಿನ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿದವಳು. ಕೂದಲು ನರೆಯುವವರೆಗೂ ಅಲ್ಲೇ ದುಡಿದಳು, ಕೊನೆಯ ವರ್ಷಗಳಲ್ಲಿ ಮಗಳ ಮನೆಯಲ್ಲೇ ಇದ್ದಳು. ಸಂಜೆ ನೋಡಲು ಬಂದು ರಾತ್ರಿ ಉಳಿದವರ ಹಾಸಿಗೆಯ ಬಟ್ಟೆಗಳು ಬೆಳಿಗ್ಗೆ ಅವಳ ಮುಂದೆ ಗುಡ್ಡೆಯಾಗಿ ಬೀಳುತ್ತಿದ್ದವು: ಮರಳು, ಮೈಗೆ ಬಳಿದ ಎಣ್ಣೆ, ಚೆಲ್ಲಿದ ಪಾನೀಯ, ಇನ್ನೂ ಏನೇನೋ. “ಸಂಜೆಯ ಅಂದ ಏನೂಂತ ನನ್ನ ಕೇಳು,” ಎನ್ನುತ್ತಿದ್ದಳು, “ಬೆಳಿಗ್ಗೆ ಬಕೆಟ್ಟಿಗೆ ಬರುತ್ತೆ.” ಹುಟ್ಟಿನಿಂದ ಸಮುದ್ರದ ಪಕ್ಕ ಬದುಕಿ ಒಂದು ಸಲವೂ ಅದನ್ನು ನೋಡಲೆಂದು ಹೋದವಳಲ್ಲ. ಮರಳು ಕಾಲಿಗೆ ತಾಗಿದರೂ ಅವಳಿಗೆ ಹೇಸಿಗೆ.

ಮತ್ತು ಮೂಗು ಮುರಿಯುತ್ತಿದ್ದಳು. ಮೂಗು ಮುರಿಯುವುದು ಎಂದು ಎಲ್ಲರೂ ಹೇಳುತ್ತೇವೆ, ಆದರೆ ಮುರಿಯುವುದನ್ನು ನೋಡಬೇಕಿದ್ದರೆ ಅಮ್ಮನನ್ನೇ ನೋಡಬೇಕಿತ್ತು. ಮೊದಲು ಎಡಗಡೆಯ ಹೊಳ್ಳೆ ಮೇಲೇಳುವುದು. ಅದರ ಹಿಂದೆ ಮೇಲ್ದುಟಿಯ ಒಂದು ಮೂಲೆ. ಆಮೇಲೆ ಹುಬ್ಬುಗಳ ನಡುವೆ, ಮೂಗಿನ ಬೇರಿನಲ್ಲಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಸುಕ್ಕು. ಕೆಟ್ಟ ಮೀನಿಗೆ, ಒಳ್ಳೆಯ ಮಾತಿಗೆ, ನೆಂಟರ ಉಡುಗೊರೆಗೆ, ಅಳಿಯನ ಹಾಸ್ಯಕ್ಕೆ, ಎಲ್ಲದಕ್ಕೂ ಅದೇ ಮೂಗು. ಅಕ್ಕನ ಮದುವೆಯ ಫೋಟೋದಲ್ಲಿ ಅಮ್ಮ ಇರುವ ಕಡೆ ಭಾವನ ಚಿಕ್ಕಪ್ಪನೊಬ್ಬ ಅಡ್ಡ ನಿಂತಿದ್ದ. ಬೇಕೆಂದೇ ನಿಲ್ಲಿಸಿದ್ದರು ಎಂದು ಮನೆಯಲ್ಲಿ ತಮಾಷೆಯಿತ್ತು. ಎಡಕ್ಕೆ ಮಾತ್ರ ಆ ಮೂಗನ್ನು ನಂಬಿದ್ದ. ಎಲ್ಲರೂ ಎಲ್ಲದಕ್ಕೂ ವಾಹ್ ಎನ್ನುವ ಊರಿನಲ್ಲಿ ಒಬ್ಬಳಾದರೂ ವಾಸನೆಯನ್ನು ವಾಸನೆ ಎನ್ನುತ್ತಿದ್ದಳು.

ಒಂದು ಸಂಜೆ ಹೊಸ ಲೆನ್ಸ್ ಪರೀಕ್ಷಿಸಲು ಯಾರಾದರೂ ನಿಲ್ಲಬೇಕಿತ್ತು. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಮ್ಮನನ್ನು ಹೋಟೆಲಿನ ಹಿಂಬಾಗಿಲಲ್ಲಿ ಹಿಡಿದು, ಗೋಗರೆದು ಕರೆದುಕೊಂಡು ಬಂದ. ಬಂದಳು. ಆಕಾಶದ ತುಂಬ ಮೋಡ, ಪಾತ್ರೆ ತೊಳೆದ ನೀರಿನ ಬಣ್ಣದ ಸಮುದ್ರ. ಅವಳು ಅದಕ್ಕೆ ಬೆನ್ನು ಹಾಕಿ ನಿಂತಳು.

“ಸ್ವಲ್ಪ ಎಡಕ್ಕೆ ಅಮ್ಮ.”

“ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬೇಗ ತೆಗಿಯೋ, ನಾರ್ತಿದೆ.”

ಅವನು ತೆಗೆದ. ಮೂಗು ಮುರಿದು ಸುಕ್ಕು ಕಟ್ಟಿತ್ತು, ಕೂದಲಿನ ಎಳೆಯೊಂದು ಬಾಯಿಗೆ ಅಡ್ಡ ಬಂದಿತ್ತು, ಕಣ್ಣುಗಳು ನೇರ ಲೆನ್ಸಿನೊಳಗೆ ನೋಡಿ, ನಿನ್ನ ಈ ಕಸುಬೂ ನಾರ್ತಿದೆ ಮಗನೇ, ಎನ್ನುತ್ತಿದ್ದವು. ತನ್ನ ಕೈಯಿಂದ ಬಂದ ಒಂದೇ ಒಂದು ಸುಳ್ಳಿಲ್ಲದ ಫೋಟೋ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಮುಂದಿನ ಬೇಸಿಗೆಗೆ ಅಮ್ಮ ಇರಲಿಲ್ಲ.

ಫೋಟೋ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಕ್ಯಾಮೆರಾದ ಕಾರ್ಡನ್ನು ದಿನಾ ಅಳಿಸಿ ಮರುದಿನಕ್ಕೆ ಖಾಲಿ ಮಾಡುವುದು ರೂಢಿ. ಅಚ್ಚು ಹಾಕಿಸಿರಲಿಲ್ಲ, ಅದನ್ನು ತೂಗುಹಾಕಲು ಅವನದೇ ಆದ ಗೋಡೆ ಬೇಕು, ಅಲ್ಲಿಯವರೆಗೆ ಕಂಪ್ಯೂಟರಿನೊಳಗೇ ಇರಲಿ ಎಂದುಕೊಂಡಿದ್ದ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಮ್ಮೊಮ್ಮೆ ತೆರೆದು ನೋಡುತ್ತಿದ್ದ. ನೋಡಿದರೆ ವಾಕರಿಕೆ ಇಳಿಯುತ್ತಿತ್ತು.

ನುಂಗು ಜೋಡಿಯನ್ನು ಕಳಿಸಿ ಅವನು ಅಂಗಡಿಗೆ ಬಂದಾಗ ಬಾಗಿಲಲ್ಲಿ ಜನ ಸೇರಿದ್ದರು. ಅಂಗಡಿಯ ಮುಂಭಾಗಕ್ಕೆ ಹೊಸ ಗಾಜು ಹಾಕಿಸುವ ಕೆಲಸ ವಾರದಿಂದ ನಡೆದಿತ್ತು; ಇವತ್ತು ಮುಗಿದಿತ್ತು. ಗಾಜಿನ ಹಿಂದೆ ಆಳೆತ್ತರದ ಏನನ್ನೋ ಹಾಸಿಗೆಯ ಬಟ್ಟೆಯಿಂದ ಮುಚ್ಚಿ ನಿಲ್ಲಿಸಿದ್ದರು.

“ಬಂದ ನೋಡು ಭಾಮೈದ!” ಭಾವ ಕೈಯ ಸಿಪ್ಪೆ ಒರೆಸಿಕೊಳ್ಳುತ್ತ ಬಂದು ಅವನ ಹೆಗಲು ಹಿಡಿದ. “ಕಣ್ಣು ಮುಚ್ಚು. ಮುಚ್ಚಪ್ಪಾ, ಏನು ಹೆಣ್ಣು ನೋಡೋಕೆ ಬಂದವನ ಹಾಗೆ ಪಿಳಿಪಿಳಿ ಮಾಡ್ತೀಯ.”

ಒಳಗೆ ಅಕ್ಕ ನಗುತ್ತಿದ್ದಳು. ಬಟ್ಟೆ ಸರ್ರೆಂದು ಜಾರಿದ ಸದ್ದಾಯಿತು. ಜನ ‘ಆಹಾ’ ಎಂದರು. ಅವನು ಕಣ್ಣು ಬಿಟ್ಟ.

ಅಮ್ಮ ನಗುತ್ತಿದ್ದಳು.

ಹಲ್ಲು ಬಿಟ್ಟು, ಕೆನ್ನೆ ಉಬ್ಬಿಸಿ, ಹಲ್ಲುಪುಡಿಯ ಜಾಹೀರಾತಿನ ಹಾಗೆ ನಗುತ್ತಿದ್ದಳು. ಬಾಯಿಗೆ ಅಡ್ಡ ಬಂದಿದ್ದ ಕೂದಲಿಲ್ಲ. ಮೂಗು ನೇರ, ನುಣುಪು, ಮಯಣದ ಬೊಂಬೆಯದ್ದು. ಹುಬ್ಬುಗಳ ನಡುವೆ ಸುಕ್ಕಿದ್ದ ಕಡೆ ಯಾರೋ ಇಸ್ತ್ರಿ ಹಾಕಿದ್ದರು. ಹಿಂದೆ ಚಿನ್ನ ಕರಗಿಸಿ ಸುರಿದಂಥ ಸಮುದ್ರ, ಅದರ ಮೇಲೆ ಅವಳ ಭುಜಕ್ಕೆ ಗಲ್ಲ ಊರಿದ ಹಾಗೆ, ಬಲಗಡೆ ನಾಯಿಬಾಲದ ಮೋಡದ ಜೊತೆ, ದೊಡ್ಡಪ್ಪ. ಸೂರ್ಯ ಬೆನ್ನ ಹಿಂದೆ, ಬೆಳಕು ಮುಖದ ಮೇಲೆ. ಅಷ್ಟಾದರೂ ಯಾರಿಗಾದರೂ ಹೊಳೆಯಬೇಡವೇ?

“ಹೆಂಗೆ?” ಭಾವ ಕೇಳಿದ. “ಅತ್ತೆಯ ಮುರಿದ ಮೂಗು ರಿಪೇರಿ ಮಾಡೋಕೇ ನಾಲ್ಕು ದಿನ ಹಿಡೀತು. ಎಂಥ ಮೂಗಯ್ಯಾ ಅದು, ಒಂದು ಕಡೆ ಬಗ್ಗಿಸಿದ್ರೆ ಇನ್ನೊಂದು ಕಡೆ ಏಳುತ್ತೆ! ಹಲ್ಲು ಮಾತ್ರ ಬೇರೆಯವರದ್ದು. ಅತ್ತೆ ಹಲ್ಲು ಕಾಣೋ ಫೋಟೋ ಜನ್ಮದಲ್ಲಿ ಒಂದೂ ಇಲ್ಲವಲ್ಲ. ಬ್ಯಾಂಕಿನ ಹುಡುಗಿ ಬಂದಿದ್ದಳಲ್ಲ ಉಂಡೆ ತೆಗೆಸೋಕೆ? ಅವಳದ್ದು. ಒಳ್ಳೇ ಹಲ್ಲು.”

ಎಡಕ್ಕೆ ಹೊರಗೆ ನಡೆದ. ರಸ್ತೆಯ ಚರಂಡಿಯವರೆಗೆ ಹೋಗಿ, ಮೊಣಕಾಲಿಗೆ ಕೈ ಊರಿ, ವಾಂತಿ ಮಾಡಿಕೊಂಡ. ಟೀ, ಬ್ರೆಡ್ಡು, ಆಮೇಲೆ ಬರೀ ಹಳದಿ ನೀರು.

“ಪಾಪ, ಅಳ್ತಿದ್ದಾನೆ,” ಹಿಂದೆ ಯಾರೋ ಹೇಳಿದರು. “ತಾಯಿ ಅಂದ್ರೆ ಹಾಗೇ.”

ಜನ ಚದುರಿದ ಮೇಲೆ ಅವನು ಬಾಯಿ ತೊಳೆದು ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ‘ಅಮ್ಮ’ ಎಂಬ ಹೆಸರು ಅಲ್ಲೇ ಇತ್ತು. ತೆರೆದ. ಬ್ಯಾಂಕಿನ ಹುಡುಗಿಯ ಹಲ್ಲು ಅವನನ್ನು ನೋಡಿ ನಕ್ಕಿತು.

“ಭಾವ, ಹಳೇದು ಎಲ್ಲಿ?”

“ಯಾವ ಹಳೇದು?”

“ಮೊದಲಿನದ್ದು. ಮೋಡ ಇದ್ದದ್ದು.”

“ಅದರ ಮೇಲೇ ಸೇವ್ ಮಾಡಿದೆನಲ್ಲ.” ಭಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಒಂದು ಗಿರಾಕಿ, ಒಂದು ಫೈಲು. ನಿನಗೆ ಗೊತ್ತಿಲ್ಲವಾ? ಒಳ್ಳೇದು ಬಂದ ಮೇಲೆ ಕೆಟ್ಟದ್ದನ್ನ ಯಾಕೆ ಇಟ್ಟುಕೋಬೇಕು, ಜಾಗ ತಿನ್ನುತ್ತೆ.”

“ಅಮ್ಮ ಗಿರಾಕಿ ಅಲ್ಲ ಭಾವ.”

ಭಾವನ ನಗು ಮುಖದ ಮೇಲೆಯೇ ಸ್ವಲ್ಪ ಹೊತ್ತು ದಾರಿ ತಪ್ಪಿ ನಿಂತಿತು. “ನಾನು... ಎಲ್ಲರಿಗೂ ಮಾಡೋದನ್ನೇ ಮಾಡಿದೆ. ನಮ್ಮವರಿಗೆ ಕಮ್ಮಿ ಮಾಡಬಾರದು ಅಂತ ಇನ್ನೂ ಚೆನ್ನಾಗಿ ಮಾಡಿದೆ.” ಆಮೇಲೆ, ತಾನೇ ಏನನ್ನೋ ಹುಡುಕಿಕೊಟ್ಟ ಉತ್ಸಾಹದಲ್ಲಿ, “ತಾಳು! ನೀನು ಫೋಟೋ ತೆಗೆದ ಹೊಸದರಲ್ಲೇ ಒಂದು ಟೆಸ್ಟ್ ಪ್ರಿಂಟ್ ತೆಗೆದಿದ್ದೆ. ಬರೀ ಬೂದಿ ಬೂದಿ ಬಂತು ಅಂತ ಎಸೆದೆ.”

“ಎಲ್ಲಿಗೆ ಎಸೆದ್ರಿ?”

“ಎಲ್ಲಿಗೆ ಅಂದ್ರೆ? ನಿಮ್ಮಕ್ಕ ಈ ಮನೇಲಿ ಒಂದು ಚೂರು ಕಾಗದ ಎಸೆಯೋಕೆ ಬಿಟ್ಟಿದ್ದಾಳಾ?”

ಅದು ನಿಜ. ಅಂಗಡಿಯಲ್ಲಿ ಬಣ್ಣ ಕೆಟ್ಟ, ಗೆರೆ ಬಿದ್ದ ಪ್ರಿಂಟುಗಳೆಲ್ಲ ಮೇಲಿನ ಮನೆಗೆ ಹೋಗುತ್ತಿದ್ದವು. ಫೋಟೋ ಕಾಗದ ಗಟ್ಟಿ, ನೀರು ಹೀರುವುದಿಲ್ಲ. ಅಕ್ಕ ಅವುಗಳನ್ನು ಅಳತೆಗೆ ಕತ್ತರಿಸಿ ಅಡುಗೆಮನೆಯ ಕಪಾಟಿನ ಹಲಗೆಗಳಿಗೆ ಮಗುಚಿ ಹಾಸುತ್ತಿದ್ದಳು.

ಮರುದಿನ ಬೆಳಿಗ್ಗೆ ಅಕ್ಕ ತರಕಾರಿಗೆಂದು ಚೀಲ ಹಿಡಿದು ಹೊರಟಿದ್ದೇ ಅವನು ಅಡುಗೆಮನೆಗೆ ನುಗ್ಗಿದ. ಕತ್ತಿನಲ್ಲಿ ಕ್ಯಾಮೆರಾ ಇತ್ತು. ಸಿಕ್ಕಿದರೆ ಸಿಕ್ಕಿದಲ್ಲೇ ಒಂದು ನಕಲು ತೆಗೆದುಕೊಳ್ಳಬೇಕು, ಇನ್ನು ಯಾವ ಕಂಪ್ಯೂಟರನ್ನೂ ನಂಬುವ ಹಾಗಿಲ್ಲ. ಮೇಲಿನ ಹಲಗೆಯಿಂದ ಶುರುಮಾಡಿದ. ಬೇಳೆಯ ಡಬ್ಬಿ, ಸಕ್ಕರೆಯ ಡಬ್ಬಿ, ಉಪ್ಪಿನ ಜಾಡಿ, ಎಲ್ಲ ನೆಲಕ್ಕಿಳಿದವು. ಅಂಟಿಕೊಂಡ ಕಾಗದವನ್ನು ಉಗುರಿನಿಂದ ಎಬ್ಬಿಸಿ ಮಗುಚಿದ.

ಸೂರ್ಯ. ಇನ್ನೊಂದು ಎಬ್ಬಿಸಿದ. ಸೂರ್ಯ. ಹಸಿರಾಗಿ ಕೆಟ್ಟ ಸೂರ್ಯ, ಅರ್ಧಕ್ಕೆ ಶಾಯಿ ನಿಂತುಹೋದ ಸೂರ್ಯ, ಯಾರದೋ ಕತ್ತರಿಸಿದ ಅಂಗೈಯ ಮೇಲೆ ಕೂತ ಸೂರ್ಯ. ಮಧ್ಯದ ಹಲಗೆಯಲ್ಲಿ ಚಿಟಿಕೆಗಳು: ತೋಳಿಲ್ಲದ ಬೆರಳುಗಳು ಸಾಲಾಗಿ ಸೂರ್ಯನನ್ನು ಹೇನು ಹಿಡಿದ ಹಾಗೆ ಹಿಡಿದಿದ್ದವು. ಸಕ್ಕರೆ ಡಬ್ಬಿಯ ಕೆಳಗಿನದರಲ್ಲಿ ಸತ್ತ ಇರುವೆಗಳು ಸಮುದ್ರದ ಮೇಲೆ ಕಪ್ಪು ನೊರೆಯಂತೆ ಅಂಟಿದ್ದವು. ಮೂಲೆಯಲ್ಲಿ ಜಿರಲೆಯ ಮೊಟ್ಟೆ, ಒಂದು ರೆಕ್ಕೆ. ಅವನ ಬೆರಳುಗಳು ಜಿಡ್ಡಿನಿಂದ ಒಂದಕ್ಕೊಂದು ಅಂಟತೊಡಗಿದವು. ಇಷ್ಟು ವರ್ಷ ಈ ಸೂರ್ಯರ ಮೇಲೆ ಕೂತ ಉಪ್ಪು, ಸಕ್ಕರೆಯನ್ನೇ ತಾನು ತಿಂದದ್ದು ಎಂದು ಹೊಳೆದು ಗಂಟಲು ಮತ್ತೆ ಹುಳಿಯಾಯಿತು.

ಕೆಳಗಿನ ಹಲಗೆಯಲ್ಲಿ ಎಣ್ಣೆಯ ದೊಡ್ಡ ಡಬ್ಬಿ. ಎರಡೂ ಕೈಯಿಂದ ಎತ್ತಬೇಕಾಯಿತು. ಅದರ ಕೆಳಗಿನ ಕಾಗದ ಎಣ್ಣೆ ಕುಡಿದು ಮೆತ್ತಗಾಗಿತ್ತು. ಮಗುಚಿದ.

ಬೂದಿ ಬಣ್ಣ.

ಮಂಡಿಯೂರಿ ಕೂತಲ್ಲೇ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೂದಿ ಮರಳು. ಒಂದು ಪ್ಲಾಸ್ಟಿಕ್ ಚೀಲ. ಅವತ್ತು ಜಾಗ ಸ್ವಚ್ಛ ಮಾಡಿರಲಿಲ್ಲ. ಅಮ್ಮನ ಉಡುಪಿನ ಅಂಚು. ಒಂದು ಕೈ, ಕೈಯಲ್ಲಿ ನೇತಾಡುವ ಚಪ್ಪಲಿಗಳು, ಬರಿಯ ಪಾದಗಳು. ಅಷ್ಟೇ. ಸೊಂಟದ ಮೇಲೆ ಕತ್ತರಿ ಓಡಿತ್ತು. ಹಲಗೆಯ ಅಗಲ ಅಷ್ಟೇ ಇದ್ದದ್ದು.

“ಏನೋ ಇದು ಅವತಾರ?”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲ. ನೆಲದ ತುಂಬ ಡಬ್ಬಿ, ಹರಿದ ಸೂರ್ಯರು, ಚೆಲ್ಲಿದ ಉಪ್ಪು, ನಡುವೆ ಎಣ್ಣೆಕೈಯ ತಮ್ಮ. ಅವಳ ಎಡಗಡೆಯ ಹೊಳ್ಳೆ ಮೆಲ್ಲಗೆ ಮೇಲೆದ್ದಿತು. ಹಿಂದೆಯೇ ತುಟಿಯ ಮೂಲೆ. ಹುಬ್ಬುಗಳ ನಡುವೆ ಒದ್ದೆ ಬಟ್ಟೆಯ ಹಾಗೆ ಸುಕ್ಕು.

ಅಮ್ಮನ ಮೂಗು. ಇಷ್ಟು ದಿನ ಎಲ್ಲಿತ್ತು ಇದು? ಯೋಚಿಸದೆ ಕ್ಯಾಮೆರಾ ಎತ್ತಿದ.

ಅಕ್ಕ ನಕ್ಕಳು. ಕ್ಯಾಮೆರಾ ಕಂಡ ತಕ್ಷಣ ಚೀಲವನ್ನು ಹಿಂದಕ್ಕೆ ಸರಿಸಿ, ಕತ್ತು ಒಂದಿಷ್ಟು ಓರೆ ಮಾಡಿ, ಅಂಗಡಿಯ ನಗು ನಕ್ಕಳು.

“ಯಾಕೆ ನಗ್ತೀಯ?” ಅವನು ಕೂಗಿದ.

“ಫೋಟೋ ಅಂದ್ರೆ ನಗಬೇಡವಾ? ಹುಚ್ಚು ಹಿಡೀತಾ ನಿನಗೆ? ಏನು ಹುಡುಕ್ತಿದೀಯ ನನ್ನ ಕಪಾಟಲ್ಲಿ?”

“ಅಮ್ಮನ ಮುಖ. ನಿನ್ನ ಗಂಡ ಅಳಿಸಿ ಹಾಕಿದ್ದು. ನೀನು ಕತ್ತರಿಸಿ ಹಾಕಿದ್ದು.”

“ಅವರನ್ನ ಯಾಕೆ ಅಂತೀಯ?” ಅಕ್ಕ ಚೀಲ ಕೆಳಗಿಟ್ಟಳು. “ನಾನೇ ಹೇಳಿದ್ದು.”

“ಏನು?”

“ನಗಿಸಿ ಅಂತ. ಅವರು ಬೇಡ, ತಮ್ಮನಿಗೆ ಒಂದು ಮಾತು ಕೇಳೋಣ ಅಂದ್ರು. ನಾನೇ ಬೇಡ ಅಂದೆ.”

ಭಾವ ಅದನ್ನು ಹೇಳಿರಲಿಲ್ಲ. ಎಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡು ನಿಂತಿದ್ದ. ಎಡಕ್ಕೆಗೆ ಆ ದಪ್ಪ ಮನುಷ್ಯನ ಮೇಲೆ ಇಷ್ಟು ಹೊತ್ತು ಕೂಡಿಹಾಕಿದ ಹೇಸಿಗೆಯನ್ನು ಇನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

“ಅದು ಅಮ್ಮ ಅಲ್ಲ ಅಕ್ಕ. ಅದು ಬ್ಯಾಂಕಿನ ಹುಡುಗಿ.”

“ಗೊತ್ತು.”

“ಗೊತ್ತಿದ್ದೂ?”

“ನಿನಗೆ ಅದು ಫೋಟೋ ಕಣೋ.” ಅಕ್ಕ ಉಪ್ಪನ್ನು ಕಾಲಿನಿಂದ ಒಂದು ಕಡೆ ಸರಿಸುತ್ತ ಹೇಳಿದಳು, ಸರಿಸಿದಷ್ಟೂ ಹರಡುತ್ತಿತ್ತು. “ನಾನು ಆ ಮೂಗಿನ ಕೆಳಗೆ ಬೆಳೆದೋಳು. ಹಾಡಿದ್ರೆ ಮೂಗು, ಅಡುಗೆ ಮಾಡಿದ್ರೆ ಮೂಗು, ಇವರನ್ನ ಮದುವೆ ಆಗ್ತೀನಿ ಅಂದ್ರೆ ಮೂಗು. ನಿನಗೆ ಅದು ತಮಾಷೆ. ನೀನು ಗಂಡುಮಗ, ಮೂಗು ಮುರಿದ ಮೇಲೆ ನಿನ್ನ ತಟ್ಟೆಗೆ ಎರಡು ತುತ್ತು ಜಾಸ್ತಿ ಬೀಳ್ತಿತ್ತು. ಮಗು ನಿಲ್ಲಲಿಲ್ಲವಲ್ಲ ನನಗೆ, ಆಸ್ಪತ್ರೆಗೆ ಬಂದ್ಲು. ವಾರ್ಡಿನ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಮೂಗು ಮುರಿದ್ಲು. ಆಸ್ಪತ್ರೆ ವಾಸನೆಗೋ, ನನಗೋ? ಇವತ್ತಿಗೂ ಗೊತ್ತಿಲ್ಲ. ಕೇಳೋಣ ಕೇಳೋಣ ಅಂತಾನೇ ಹೋಗಿಬಿಟ್ಲು.” ಅವಳು ಮೂಗೊರೆಸಿಕೊಂಡಳು. “ಈಗ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ್ರೆ ನನ್ನ ನೋಡಿ ನಗ್ತಾಳೆ. ಹಲ್ಲು ಯಾರದ್ದಾದ್ರೆ ನನಗೇನು?”

ಕೈಯಲ್ಲಿದ್ದ ಅರ್ಧ ಅಮ್ಮನಿಂದ ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು. ಕೆಳಗಿನಿಂದ ಭಾವನ ದನಿ ಬಂತು, “ಭಾಮೈದಾ! ನಿನ್ನೆಯ ನುಂಗು ಜೋಡಿ ಬಂದಿದ್ದಾರೆ ಕಣಪ್ಪಾ. ಯಾರನ್ನ ಹಾಕಲಿ? ದೊಡ್ಡಪ್ಪನೇ ಸಾಕಾ?”

“ಏನದು ಕೈಯಲ್ಲಿ?” ಅಕ್ಕ ಕೇಳಿದಳು.

“ಕಾಲು. ಇಷ್ಟೇ ಉಳಿದಿರೋದು.”

“ಕೊಡಿಲ್ಲಿ.”

ಕಿತ್ತು ಒಲೆಗೆ ಹಾಕುತ್ತಾಳೆಂದು ಅವನು ಹಿಂಜರಿದ. ಅವಳು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು. ತುಂಬ ಹೊತ್ತು ನೋಡಿದಳು.

“ಈ ಚಪ್ಪಲಿ ನಂದು.”

“ಏನು?”

“ನಂದು ಕಣೋ. ನೀಲಿ ಪಟ್ಟಿಯದ್ದು. ಹೊಸದು, ಒಂದು ಸಲ ಹಾಕಿದ್ದೆನೋ ಇಲ್ಲವೋ. ಅವತ್ತೆಲ್ಲ ಎಲ್ಲೆಲ್ಲಿ ಹುಡುಕಿದ್ದೆ! ಕೇಳಿದ್ರೆ ನನಗೇನು ಗೊತ್ತು ಅಂತ ಮೂಗು ಮುರಿದಿದ್ಲು, ಕಳ್ಳಿ. ಮಾರನೇ ದಿನ ನೋಡ್ತೀನಿ, ಬಾಗಿಲ ಹಿಂದೆ ಇತ್ತು, ಒಂದು ಚೂರು ಮಣ್ಣಿಲ್ಲದೆ. ನಂಗೇ ಮರೆವು ಅಂದುಕೊಂಡಿದ್ದೆ.” ಅವಳು ಕಾಗದವನ್ನು ಇನ್ನೂ ಹತ್ತಿರ ಹಿಡಿದಳು. “ಕೈಯಲ್ಲಿ ಹಿಡಕೊಂಡಿದ್ದಾಳೆ ನೋಡು. ಮರಳು ಅಂದ್ರೆ ಅಷ್ಟು ಹೇಸಿಗೆ ಅವಳಿಗೆ. ಬರಿಗಾಲಲ್ಲಿ...”

ಅವಳ ಹೆಬ್ಬೆರಳು ಚಪ್ಪಲಿಗಳ ಮೇಲೆ ಒಮ್ಮೆ ಸರಿಯಿತು.

ಎಡಕ್ಕೆ ಎದ್ದು ಅವಳ ಪಕ್ಕ ನಿಂತ. ಆ ಫೋಟೋವನ್ನು ಅವನು ಎಷ್ಟೋ ಸಲ ನೋಡಿದ್ದ, ಪ್ರತಿ ಸಲವೂ ಮೂಗನ್ನೇ ನೋಡಿದ್ದ. ಪಾದಗಳನ್ನು ಈಗ ನೋಡಿದ. ಬೆರಳುಗಳು ಮೇಲಕ್ಕೆ ಮುದುರಿಕೊಂಡಿದ್ದವು, ಮರಳು ಎಷ್ಟು ಕಡಿಮೆ ತಾಗಿದರೆ ಅಷ್ಟೇ ಸಾಕು ಎಂಬ ಹಾಗೆ. ಅವುಗಳ ಪಕ್ಕದಲ್ಲೇ, ಬೂದಿ ಮರಳಿನ ನಟ್ಟ ನಡುವೆ, ಎಣ್ಣೆ ಡಬ್ಬಿಯ ತಳ ವರ್ಷವೆಲ್ಲ ಕೂತು ಬಿಟ್ಟ ಗುರುತು: ದುಂಡಗೆ, ಹಳದಿಯಾಗಿ, ಅಂಚಿನಲ್ಲಿ ಕೆಂಪೇರಿ, ಥೇಟ್ ಮುಳುಗುವ ಸೂರ್ಯ.

ಅಕ್ಕನೂ ಅದನ್ನು ಕಂಡಳು. ಅಡುಗೆಕಟ್ಟೆಯ ಮೇಲಿನ ಒದ್ದೆ ಬಟ್ಟೆ ತೆಗೆದುಕೊಂಡು ಅದರ ಮೇಲೆ ಉಜ್ಜಿದಳು. ಹೋಗಲಿಲ್ಲ. ಬಟ್ಟೆಗೆ ಸಾಬೂನು ಹಚ್ಚಿ, ಪಾದಗಳಿಗೆ ತಾಗದಂತೆ ಸುತ್ತಲೂ ಮೆಲ್ಲಗೆ, ಮತ್ತೆ ಉಜ್ಜಿದಳು. ಜಿಡ್ಡಿನ ವಾಸನೆ ಎದ್ದಿತು. ಅವಳ ಹೊಳ್ಳೆ ಮೇಲೆದ್ದು, ಮೂಗು ಬೇರಿನವರೆಗೂ ಮುರಿಯಿತು, ಉಜ್ಜುತ್ತಲೇ ಇದ್ದಳು.

ಕ್ಯಾಮೆರಾ ಅವನ ಎದೆಯ ಮೇಲೆಯೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

“ಸ್ವಲ್ಪ ಎಡಕ್ಕೆ,” ಎಂದ. “ಅಲ್ಲಿನ್ನೂ ಹೋಗಿಲ್ಲ.”